ಹಿಮ ಬೀಳುವ ಬೇಲಿಗೆ ಯಾವ ಬಳ್ಳಿ?

ಹೋದ ವರ್ಷದ ಜನವರಿ. ಬೆಳಿಗ್ಗೆ ಏಳೂಕಾಲಿಗೆ ಹಿತ್ತಲಿನಿಂದ ಅಮ್ಮ ಕೂಗಿದರು. ಜಾರಿ ಬಿದ್ದರೇನೋ ಎಂದು ಇಬ್ಬರೂ ಬರಿಗಾಲಲ್ಲಿ ಓಡಿದೆವು. ಹುಲ್ಲಿನ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಅಮ್ಮ ಬೇಲಿಯ ಹತ್ತಿರ ಶಾಲು ಹೊದ್ದು ನಿಂತಿದ್ದರು. ಅವರ ಎದುರು ನಾಲ್ಕು ಮಲ್ಲಿಗೆ ಗಿಡಗಳಿದ್ದವು. ಎಲೆಯ ಅಂಚಿನಲ್ಲಿ ಯಾರೋ ಉಪ್ಪು ಉದುರಿಸಿದಂತೆ ಬಿಳಿ ಹರಳು. ನೋಡಲು ಎಷ್ಟು ಚಂದ ಇತ್ತೆಂದರೆ ನಮ್ಮಲ್ಲೊಬ್ಬರು ಮೊಬೈಲ್ ತೆಗೆದು ಫೋಟೊ ಕೂಡ ಹೊಡೆದರು. ಅಷ್ಟರಲ್ಲಿ ಎದುರಿನ ಗುಡ್ಡದ ಮೇಲಿಂದ ಬಿಸಿಲು ಬಂತು. ಹತ್ತು ಗಂಟೆಗೆ ಹೋಗಿ ನೋಡಿದರೆ ನಾಲ್ಕೂ ಗಿಡ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತು ಬಿದ್ದಿದ್ದವು.

ಅಮ್ಮ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ, "ನಾನು ಇಲ್ಲಿಗೆ ಬರಬಾರದಿತ್ತು ಮಾರಾಯ್ರೆ" ಎಂದರು. ಗಿಡದ ಬಗ್ಗೆ ಹೇಳಿದ್ದಲ್ಲ ಎಂಬುದು ನಮಗೆ ಗೊತ್ತಾಯಿತು.

ನಾವು ಗಂಡ ಹೆಂಡತಿ ಇಬ್ಬರೂ ಒಂದೇ ಬ್ಯಾಚಿನವರು ಎಂಬುದು ಇಲ್ಲಿ ಬರೆಯುವ, ಓದುವ ಹಲವರಿಗೆ ಗೊತ್ತು. ಊಟಿಯ ಹತ್ತಿರ ಒಬ್ಬರಿಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು, ಇನ್ನೊಬ್ಬರದು ಎಲ್ಲಿ ಕೂತರೂ ಆಗುವ ಬರವಣಿಗೆ, ಅನುವಾದ. ಹಾಗಾಗಿ ಇತ್ತ ಬಂದೆವು. ಅಮ್ಮ ನಮ್ಮಲ್ಲೊಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ. ಇಬ್ಬರೂ ಕರೆಯುವುದು ಅಮ್ಮ ಎಂದೇ. ಅವರದು ಉಡುಪಿ ಕಡೆಯ ಶಂಕರಪುರದ ಆಸುಪಾಸು. ಅಲ್ಲಿನ ಮಲ್ಲಿಗೆಯನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕೊಟ್ಟು ಬರುವುದು ಅವರ ಮೂವತ್ತು ವರ್ಷದ ದಿನಚರಿ. ನಮ್ಮ ಕಾಲೇಜಿನ ಫೀಸಿನಲ್ಲಿ ಅರ್ಧ ಆ ಮೊಗ್ಗುಗಳಿಂದ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಬಚ್ಚಲಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಒಬ್ಬರನ್ನೇ ಬಿಡುವಂತಿರಲಿಲ್ಲ. ಬರುವಾಗ ಅವರು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದದ್ದು ನಾಲ್ಕು ಮಲ್ಲಿಗೆ ಗಿಡ.

ನಮಗೂ ಬೇಲಿಗೆ ಹಸಿರು ಬೇಕಿತ್ತು. ಅರವತ್ತು ಅಡಿ ಉದ್ದದ ಚೈನ್‌ಲಿಂಕ್ ಬೇಲಿ, ಪೂರ್ವಕ್ಕೆ ಮುಖ. ಅದರ ಆಚೆ ಬಸ್ ರಸ್ತೆ, ರಸ್ತೆಯಾಚೆ ಇಳಿಜಾರಿನಲ್ಲಿ ಕ್ಯಾರೆಟ್, ಕೋಸಿನ ಗದ್ದೆ. ಅಡುಗೆಮನೆ ಕಿಟಕಿಯಲ್ಲಿ ಅಮ್ಮ ನಿಂತರೆ ಬಸ್ಸಿನವರೆಲ್ಲ ನೋಡುತ್ತಾರೆ. ಅರ್ಧ ವರ್ಷ ಎಲೆ ಉದುರಿಸಿ ಕಡ್ಡಿಯಾಗಿ ನಿಲ್ಲುವ ಬಳ್ಳಿ ಹಾಕಿದರೆ ಮರೆಯೂ ಇಲ್ಲ, ಗಾಳಿಗೆ ತಡೆಯೂ ಇಲ್ಲ. ವರ್ಷವಿಡೀ ಎಲೆ ಇರಬೇಕು. ದಿನವಿಡೀ ಬಿಸಿಲು ಬೀಳುವ ಜಾಗ, ಹಾಗಾಗಿ ಏನು ಹಾಕಿದರೂ ಬರುತ್ತದೆ ಎಂದುಕೊಂಡೆವು. ಕರಾವಳಿಯವರ ಲೆಕ್ಕಾಚಾರ.

ನಮ್ಮ ಭಾಷೆಯೂ ನಮಗೆ ಎಚ್ಚರ ಹೇಳಲಿಲ್ಲ. ನಮ್ಮ ಕಡೆ ಮಂಜು ಎಂದರೆ ಬೆಳಗಿನ ಮುಸುಕೂ ಹೌದು, ಎಲೆಯ ಮೇಲಿನ ಹನಿಯೂ ಹೌದು. ಇಬ್ಬನಿ ಎಂದರೆ ಕವಿಗಳ ಮಾತು. ಹಿಮ ಎಂದ ಕೂಡಲೇ ಕಣ್ಣಿಗೆ ಬರುವುದು ಹಿಮಾಲಯ. ನೆಲದ ಮೇಲೆ, ಎಲೆಯ ಮೇಲೆ ಗಟ್ಟಿಯಾಗುವ ಈ ಇಬ್ಬನಿಗೆ ದಿನಬಳಕೆಯ ಪದ ನಮ್ಮ ಬಾಯಲ್ಲಿ ಇರಲಿಲ್ಲ. ಇಲ್ಲಿ ತಮಿಳಿನಲ್ಲಿ 'ಉರೈಪನಿ' ಅನ್ನುತ್ತಾರೆ, ಹೆಪ್ಪುಗಟ್ಟಿದ ಇಬ್ಬನಿ ಎಂದ ಹಾಗೆ. ಅಕ್ಟೋಬರಿನಲ್ಲಿ ತರಕಾರಿ ಅಂಗಡಿಯವರು ಆ ಪದ ಹೇಳಿದ್ದರು. ನಾವು ತಲೆಯಾಡಿಸಿ ಬಂದಿದ್ದೆವು.

ಗಿಡ ಕಪ್ಪಾದ ದಿನ ಸಂಜೆ ಪಕ್ಕದ ಮನೆಯ ಅಜ್ಜಿ ಬಂದರು. ಅವರು ಬಡಗರು. ಅವರು ಬಡಗ ಭಾಷೆಯಲ್ಲಿ, ಅಮ್ಮ ಕುಂದಗನ್ನಡ ಬೆರೆತ ಉಡುಪಿ ಕನ್ನಡದಲ್ಲಿ ಮಾತಾಡಿದರೆ ಅರ್ಧಕ್ಕರ್ಧ ಪರಸ್ಪರ ತಿಳಿಯುತ್ತದೆ. ಉಳಿದರ್ಧವನ್ನು ಇಬ್ಬರೂ ಕೈಸನ್ನೆಯಲ್ಲಿ ಮುಗಿಸುತ್ತಾರೆ. ಅಮ್ಮ ಆಗಲೇ ಕತ್ತಿ ಹಿಡಿದು ಸತ್ತ ಗೆಲ್ಲು ಕಡಿಯಲು ಹೊರಟಿದ್ದರು. ಅಜ್ಜಿ ಅವರ ಕೈ ಹಿಡಿದರು. ಕಪ್ಪಾದದ್ದು ಹಾಗೇ ಇರಲಿ, ಒಳಗಿನ ಗೆಲ್ಲಿಗೆ ಅದೇ ಹೊದಿಕೆ, ಈಗ ಕಡಿದರೆ ಚಿಗುರು ಬರುತ್ತದೆ, ಆ ಚಿಗುರು ಮತ್ತೆ ಸುಡುತ್ತದೆ, ಚಳಿ ಮುಗಿಯುವ ತನಕ ಮುಟ್ಟಬೇಡ ಎಂದರು. ನಾವು ಆಮೇಲೆ ಓದಿದ ಪುಸ್ತಕಗಳಲ್ಲೂ ಇದೇ ಇತ್ತು. ಅಜ್ಜಿ ಹೇಳಿದ್ದು ಒಂದೇ ನಿಮಿಷದಲ್ಲಿ.

ನಮಗೆ ಕಾಲೇಜಿನಲ್ಲಿ ಕಲಿಸಿದ್ದು ಒಂದೇ ಪಾಠ, ಮೊದಲು ಹೋಗಿ ನೋಡಿ, ಆಮೇಲೆ ಬರೆಯಿರಿ. ಗಿಡ ನೆಡುವಾಗ ಅದನ್ನು ಮರೆತಿದ್ದೆವು. ಆ ವಾರ ಅದನ್ನೇ ಮಾಡಿದೆವು. ರಾತ್ರಿ ಮಲಗುವ ಮುಂಚೆ ಬೇಲಿಯುದ್ದಕ್ಕೂ ನೆಲದ ಮೇಲೆ ಮೂರು ಸ್ಟೀಲ್ ತಟ್ಟೆಯಲ್ಲಿ ನೀರಿಟ್ಟೆವು. ಒಂದು ಮೇಲಿನ ತುದಿಯಲ್ಲಿ, ಒಂದು ನಡುವೆ, ಒಂದು ಇಳಿಜಾರು ಮುಗಿಯುವ ಕೆಳಗಿನ ಮೂಲೆಯಲ್ಲಿ. ಬೆಳಿಗ್ಗೆ ಮೇಲಿನ ತಟ್ಟೆಯಲ್ಲಿ ನೀರು ನೀರಾಗಿಯೇ ಇತ್ತು. ನಡುವಿನದರಲ್ಲಿ ಹಾಲಿನ ಕೆನೆಯಷ್ಟು ತೆಳು ಪದರ. ಕೆಳಗಿನದರಲ್ಲಿ ಬೆರಳಲ್ಲಿ ಒತ್ತಿದರೂ ಒಡೆಯದ ಗಾಜು. ಒಂದೇ ಬೇಲಿ, ಅರವತ್ತು ಅಡಿಯೊಳಗೆ ಮೂರು ಹವೆ. ನಾವು ಮಲ್ಲಿಗೆ ನೆಟ್ಟದ್ದು ಆ ಕೆಳಗಿನ ಮೂಲೆಯಲ್ಲಿ, ನೀರಿನ ನಲ್ಲಿ ಹತ್ತಿರ ಎಂಬ ಕಾರಣಕ್ಕೆ.

ಕಾರಣ ಸರಳ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಭಾರವಾದದ್ದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಇಂಥ ರಾತ್ರಿಗಳು ಬೇಕಾದಷ್ಟು. ಮೇಲಾಗಿ ನಾಯಿ ನುಗ್ಗದಿರಲಿ ಎಂದು ನಾವು ಆ ಮೂಲೆಯ ಬೇಲಿಗೆ ತಗಡು ಕಟ್ಟಿದ್ದೆವು. ಹರಿದು ಹೋಗಬೇಕಾದ ತಣ್ಣನೆ ಗಾಳಿಗೆ ಅದು ಅಣೆಕಟ್ಟಾಗಿತ್ತು. ತಗಡು ಬಿಚ್ಚಿದ ಮೇಲೆ ಕೆಳಗಿನ ತಟ್ಟೆಯ ಗಾಜು ತೆಳ್ಳಗಾಯಿತು.

ಇನ್ನೊಂದು ತಪ್ಪು ಊರಿನ ಅಭ್ಯಾಸದಿಂದ ಬಂದದ್ದು. ಬುಡಕ್ಕೆ ದಪ್ಪಗೆ ತರಗೆಲೆ ಹಾಸಿದ್ದೆವು. ಒಣ ತರಗೆಲೆ ಬೇರನ್ನು ಕಾಯುತ್ತದೆ ನಿಜ. ಆದರೆ ಹಗಲಿಡೀ ಬಿಸಿಲು ಕುಡಿದ ನೆಲದ ಶಾಖ ರಾತ್ರಿ ಮೇಲೆ ಬಂದು ಎಲೆಗೆ ತಾಗದ ಹಾಗೆ ತಡೆಯುತ್ತದೆ. ಒದ್ದೆಯಾದ, ಬಿಗಿಯಾದ ನೆಲ ಹೆಚ್ಚು ಶಾಖ ಹಿಡಿದಿಟ್ಟು ರಾತ್ರಿಯಿಡೀ ನಿಧಾನಕ್ಕೆ ಬಿಡುತ್ತದೆ. ಹಾಗಾಗಿ ಹಿಮದ ತಿಂಗಳಲ್ಲಿ ಎಳೆ ಗಿಡದ ಸುತ್ತ ತರಗೆಲೆ ಸರಿಸಿ, ಮಧ್ಯಾಹ್ನದ ಮುಂಚೆ ನೀರು ಹಾಕುವುದು ಕಲಿತೆವು.

ಬಿಸಿಲು ಬೀಳುವ ಬೇಲಿ ಒಳ್ಳೆಯದೆಂದು ತಿಳಿದದ್ದೂ ಪೂರ್ತಿ ಸರಿಯಲ್ಲ. ರಾತ್ರಿ ಹೆಪ್ಪುಗಟ್ಟಿದ ಎಲೆ ನಿಧಾನಕ್ಕೆ ಕರಗಿದರೆ ಉಳಿಯುವ ಸಾಧ್ಯತೆ ಇರುತ್ತದೆ. ಪೂರ್ವದ ಬಿಸಿಲು ನೇರ ಬಡಿದರೆ ಕ್ಷಣದಲ್ಲಿ ಕರಗಿ ಜೀವಕೋಶ ಹಾಳಾಗುತ್ತದೆ. ಎಲೆ ಉದುರಿಸುವ ಗಿಡಕ್ಕೆ ಈ ಸಮಸ್ಯೆ ಕಡಿಮೆ. ನಿತ್ಯ ಹಸಿರಿನದಕ್ಕೆ ಚಳಿಗಾಲದಲ್ಲೂ ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ, ತಣ್ಣಗಾದ ನೆಲದಿಂದ ಬೇರು ಅಷ್ಟೇ ನೀರನ್ನು ಎಳೆದುಕೊಳ್ಳಲಾರದು. ಹಿಮಕ್ಕೆ ಬದುಕಿದ್ದು ಬಿಸಿಲಿಗೆ ಬಾಡುತ್ತದೆ. ಅಂದರೆ ನಮಗೆ ಬೇಕಾದದ್ದು ಚಳಿ ತಡೆಯುವ ಬಳ್ಳಿ ಅಷ್ಟೇ ಅಲ್ಲ, ಚಳಿಯ ಮರುಗಂಟೆಗೆ ಬಿಸಿಲನ್ನೂ ತಡೆಯುವ ಬಳ್ಳಿ.

ಫೆಬ್ರವರಿಯಲ್ಲಿ ಹುಡುಕಾಟ ಶುರುವಾಯಿತು. ನರ್ಸರಿಯೊಂದರಲ್ಲಿ ಬೋಗನ್‌ವಿಲ್ಲ ತೋರಿಸಿ ಎಂಥ ಚಳಿಗೂ ಜಗ್ಗುವುದಿಲ್ಲ ಎಂದರು. ಎರಡು ತಂದು ನೆಟ್ಟೆವು. ಅದೇ ತಿಂಗಳ ಕೊನೆಯ ಒಂದು ಹಿಮಕ್ಕೆ ಎರಡೂ ಎಲೆ ಕಳಚಿದವು. ಬೆಚ್ಚಗಿನ ಗೋಡೆಗೆ ಒರಗಿದ್ದರೆ ಬದುಕುತ್ತಿತ್ತೇನೋ, ತೆರೆದ ತಗ್ಗಿನ ಬೇಲಿಗಲ್ಲ. ಗುಡ್ಡದ ಕೆಳಗಿನ ಊರಿನಿಂದ ಬಂದ ಗಿಡಕ್ಕೆ ಊಟಿಯ ಬೋರ್ಡು ಹಾಕಿ ಮಾರುವುದುಂಟು ಎಂದು ಆಮೇಲೆ ತಿಳಿಯಿತು. ಅಂದಿನಿಂದ ಗಿಡ ಕೊಳ್ಳುವಾಗ ಹೆಸರಿಗಿಂತ ಮೊದಲು ಕೇಳುವುದು, ಇದು ಕಳೆದ ಚಳಿಗಾಲವನ್ನು ಎಲ್ಲಿ ಕಳೆಯಿತು ಎಂದು.

ಸುಲಭದ ಉತ್ತರ ಒಂದು ಕಣ್ಣೆದುರೇ ಇತ್ತು. ಮೇಲಿನ ಮನೆಯವರು ತಮ್ಮ ಬೇಲಿಯಿಂದ ಒಂದು ಬಳ್ಳಿಯ ಸಸಿ ಕಿತ್ತು ಕೊಟ್ಟರು. ಗುಲಾಬಿ ಬಣ್ಣದ ತೂಗುವ ಹೂ, ಬಾಳೆಹಣ್ಣಿನ ಆಕಾರದ ಉದ್ದನೆ ಹಳದಿ ಹಣ್ಣು, ಪ್ಯಾಶನ್ ಫ್ರೂಟ್ ಜಾತಿ. ಹಿಮಕ್ಕೂ ಹೆದರುವುದಿಲ್ಲ, ವರ್ಷವಿಡೀ ಹಸಿರು, ಹಣ್ಣು ತಿನ್ನಬಹುದು, ಒಂದೇ ವರ್ಷಕ್ಕೆ ಬೇಲಿ ಮುಚ್ಚುತ್ತದೆ. ನಾವು ಕೇಳಿದ್ದೆಲ್ಲ ಅದರಲ್ಲಿತ್ತು. ಅಮ್ಮನಿಗೂ ಖುಷಿ. ಆ ಭಾನುವಾರ ಮೂವರೂ ಕಾಡಂಚಿನ ದಾರಿಯಲ್ಲಿ ನಡೆಯಲು ಹೋದೆವು. ಅಲ್ಲೊಂದು ಶೋಲಾ ಕಾಡಿನ ತುಣುಕು. ಅದರ ಅಂಚಿನ ಮರಗಳ ಮೇಲೆ ಹಸಿರು ಕಂಬಳಿ ಹೊದೆಸಿದಂತೆ ಇದೇ ಬಳ್ಳಿ. ಒಳಗಿನ ಮರದ ನೆತ್ತಿಗೆ ಬಿಸಿಲು ತಾಗದ ಹಾಗೆ ಮುಚ್ಚಿಕೊಂಡಿತ್ತು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಬಳ್ಳಿ ಇದು. ಹಕ್ಕಿ, ಪ್ರಾಣಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ಯುತ್ತವೆ. ಅಮ್ಮ ತುಂಬ ಹೊತ್ತು ಮೇಲೆ ನೋಡಿ, "ಇದು ಬೇಲಿ ಮುಚ್ಚುವುದಲ್ಲ, ಮನೆ ಮುಚ್ಚುವುದು" ಎಂದರು. ಸಸಿಯನ್ನು ನೆಡಲಿಲ್ಲ. ಮೇಲಿನ ಮನೆಯವರಿಗೆ ಬೇಸರವಾಗದಿರಲಿ ಎಂದು ಹಣ್ಣನ್ನು ಮಾತ್ರ ಇಸಿದುಕೊಳ್ಳುತ್ತೇವೆ.

ನೀಲಗಿರಿಗೆ ಇಂಥ ಕತೆ ಹೊಸದಲ್ಲ. ಹಳದಿ ಹೂವಿನ ಗಾರ್ಸ್, ಸ್ಕಾಚ್ ಬ್ರೂಮ್ ಎಂಬ ಪೊದೆಗಳನ್ನು ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ತಂದರು. ಈಗ ಅವು ಹುಲ್ಲುಗಾವಲನ್ನು ತಿನ್ನುತ್ತಿವೆ. ಯಾರದೋ ತೋಟಕ್ಕೆ ಚಂದ ಕಂಡದ್ದು ಬೇಲಿ ದಾಟಿ ಹೋಗುವುದಕ್ಕೆ ಹೆಚ್ಚು ಕಾಲ ಬೇಡ. ನಿತ್ಯ ಹಸಿರು, ಬೇಗ ಬೆಳೆಯಬೇಕು, ಹಿಮಕ್ಕೂ ಬಿಸಿಲಿಗೂ ಜಗ್ಗಬಾರದು ಎಂದು ನಾವು ಪಟ್ಟಿ ಮಾಡುವ ಗುಣಗಳೇ ಕಾಡು ನುಂಗುವ ಗಿಡದ ಗುಣಗಳು ಕೂಡ. ಈ ಮಾತು ಹೊಳೆದ ಮೇಲೆ ನಮ್ಮ ಪಟ್ಟಿ ಬದಲಾಯಿತು. ಯಾವುದು ಬೇಗ ಮುಚ್ಚುತ್ತದೆ ಎಂಬ ಪ್ರಶ್ನೆ ಬಿಟ್ಟೆವು. ಯಾವುದು ನಮ್ಮ ಬೇಲಿಯಲ್ಲೇ ನಿಲ್ಲುತ್ತದೆ ಎಂದು ಕೇಳತೊಡಗಿದೆವು. ಐವಿ ಬಳ್ಳಿ ಹಿಮಕ್ಕೆ ಗಟ್ಟಿ, ಆದರೆ ಅದರ ಕಾಯಿಯನ್ನೂ ಹಕ್ಕಿ ಒಯ್ಯುತ್ತದೆ. ಜಪಾನಿನ ಹನಿಸಕಲ್‌ಗೆ ಘಮ ಇದೆ, ಆದರೆ ಅಮೆರಿಕದಲ್ಲಿ ಕಾಡಿಗೆ ನುಗ್ಗಿ ಕುಖ್ಯಾತಿ ಪಡೆದಿದೆ. ಕ್ಯಾರೊಲಿನಾ ಜಾಸ್ಮಿನ್ ಎಂಬ ಹಳದಿ ಹೂವಿನ ಬಳ್ಳಿ ಚಳಿ ತಡೆಯುತ್ತದೆ, ಹೆಸರಲ್ಲಿ ಮಲ್ಲಿಗೆ ಇದೆ, ಆದರೆ ಇಡೀ ಗಿಡ ವಿಷ, ಅದರ ಮಕರಂದ ಜೇನುಹುಳಕ್ಕೂ ಆಗದು. ಮೂರನ್ನೂ ಬಿಟ್ಟೆವು.

ಕೊನೆಗೆ ಉಳಿದವು ಎರಡು. ಒಂದು ಇಲ್ಲಿನದೇ ಕಾಡುಗುಲಾಬಿ. ಫ್ರೆಂಚ್ ಸಸ್ಯವಿಜ್ಞಾನಿ ಲೆಶನೋ ಹೆಸರಿನಲ್ಲಿ ರೋಸಾ ಲೆಶನೋಲ್ಟಿಯಾನಾ ಎಂದು ಕರೆಯುತ್ತಾರೆ. ನೀಲಗಿರಿ, ಪಳನಿ ಬೆಟ್ಟಗಳದು. ಬಿಳಿ ಹೂ, ಬಾಗಿದ ಮುಳ್ಳು, ಹತ್ತಲು ಆಸರೆ ಸಿಕ್ಕರೆ ಮರದೆತ್ತರ. ಈ ಬೆಟ್ಟದ ಹಿಮ, ಬಿಸಿಲು ಎರಡನ್ನೂ ಅದು ನಮಗಿಂತ ಮೊದಲೇ ಬಲ್ಲದು. ಕಾಡಿನಿಂದ ಕೀಳುವಂತಿಲ್ಲ, ಕೀಳಲೂಬಾರದು. ಪಕ್ಕದ ಅಜ್ಜಿಯ ಹಳೆ ಬೇಲಿಯಲ್ಲಿ ಇತ್ತು. ಅವರೇ ಪೆನ್ಸಿಲ್ ದಪ್ಪದ ಆರು ಗೆಲ್ಲು ಕಡಿದು ಕೊಟ್ಟರು. ಮಳೆಗಾಲದಲ್ಲಿ ನಾಲ್ಕು ಬೇರು ಬಿಟ್ಟವು. ಅವನ್ನು ಕೆಳಗಿನ ಮೂಲೆಯಿಂದ ನಡುವಿನ ತನಕ, ಅಂದರೆ ತಟ್ಟೆಯಲ್ಲಿ ಗಾಜು ಕಂಡ ಜಾಗಕ್ಕೆ ಹಾಕಿದೆವು.

ಇನ್ನೊಂದು ಸ್ಟಾರ್ ಜಾಸ್ಮಿನ್. ಸಸ್ಯಶಾಸ್ತ್ರದಲ್ಲಿ ಟ್ರ್ಯಾಕಿಲೋಸ್ಪರ್ಮಮ್. ಚೀನಾ, ಜಪಾನ್ ಕಡೆಯದು. ದಪ್ಪನೆಯ ಹೊಳೆಯುವ ಎಲೆ, ಬಿಳಿ ನಕ್ಷತ್ರದಂಥ ಹೂ, ಮಲ್ಲಿಗೆಯ ಘಮ. ಬೇರೂರಿದ ಮೇಲೆ ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಚಳಿಯಲ್ಲಿ ಎಲೆ ಕೆಂಪಡರುತ್ತದೆ, ಉದುರುವುದಿಲ್ಲ. ಮೊದಲೆರಡು ವರ್ಷ ತೀರಾ ನಿಧಾನ. ಅಮ್ಮನಿಗೆ ಇದನ್ನು ಮಲ್ಲಿಗೆಯ ಬದಲಿಗೆ ಕೊಡೋಣ ಎಂಬುದು ನಮ್ಮ ಒಳಗಿನ ಯೋಜನೆ. ಹೂ ಬಿಟ್ಟಿದ್ದ ಗಿಡವನ್ನೇ ತಂದು ಅವರ ಮುಂದಿಟ್ಟೆವು. ಮೂಸಿ ನೋಡಿದರು. ಮುಖ ಅರಳಿತು. ಒಂದು ಹೂವಿನ ತೊಟ್ಟು ಮುರಿದರು. ಹಾಲು ಬಂತು. ಬೆರಳಿಗೆ ಅಂಟಿತು.

"ಇದು ಮಲ್ಲಿಗೆಯಲ್ಲ, ನಂದಿಬಟ್ಟಲಿನ ಪೈಕಿ" ಎಂದರು.

ಹೋಗಿ ಹುಡುಕಿದರೆ ಅವರು ಹೇಳಿದ್ದು ಸರಿಯೇ. ಎರಡೂ ಒಂದೇ ಕುಟುಂಬದವು, ಮಲ್ಲಿಗೆಯದು ಬೇರೆ ಕುಟುಂಬ. ಅಮ್ಮ ಓದಿದ್ದು ಐದನೇ ಕ್ಲಾಸು. "ಇರಲಿ, ದೇವರಿಗೆ ಆಗುತ್ತದೆ. ಕಟ್ಟಲಿಕ್ಕೆ ಆಗುವುದಿಲ್ಲ" ಎಂದು ಬೇಲಿಯ ಮೇಲಿನ ತುದಿಯಲ್ಲಿ ಅವರೇ ನೆಟ್ಟರು. ನಮಗೆ ಸ್ವಲ್ಪ ನಾಚಿಕೆಯಾಯಿತು. ಒಂದರ ಬದಲಿಗೆ ಇನ್ನೊಂದನ್ನಿಟ್ಟು ಅವರಿಗೆ ತಿಳಿಯದಂತೆ ಸುಧಾರಿಸಬಹುದು ಎಂದುಕೊಂಡಿದ್ದೆವಲ್ಲ.

ಬಳ್ಳಿಯ ಬುಡದಲ್ಲಿ ನೆಲ ಖಾಲಿ ಬಿಟ್ಟರೆ ಇಲ್ಲಿ ಕಿಕುಯು ಹುಲ್ಲು ನುಗ್ಗುತ್ತದೆ. ಪೂರ್ವ ಆಫ್ರಿಕದ ಈ ಹುಲ್ಲಿನ ಬೇರು ಹಗ್ಗದ ಹಾಗೆ, ಒಂದು ಗೆಣ್ಣು ಉಳಿದರೂ ಮತ್ತೆ ಬರುತ್ತದೆ. ಎರಡಡಿ ಅಗಲಕ್ಕೆ ಗುದ್ದಲಿಯಲ್ಲಿ ಅಗೆದು ಬೇರು ಆರಿಸಲು ನಮಗೆ ಮೂರು ವಾರ ಹಿಡಿಯಿತು. ಆ ಜಾಗ ತುಂಬಲು ನೆಲ ಹಬ್ಬುವ ಗಿಡ ಬೇಕಿತ್ತು. ಮೇಲಿನ ಒಣ, ಬಿಸಿಲಿನ ಭಾಗಕ್ಕೆ ನೆಲಕ್ಕೆ ಒರಗಿ ಬೆಳೆಯುವ ರೋಸ್‌ಮರಿ ಮತ್ತು ಥೈಮ್. ನೀಲಗಿರಿಯಲ್ಲಿ ಇವನ್ನು ಬೆಳೆದು ಮಾರುವವರೂ ಇದ್ದಾರೆ, ಸಸಿ ಸುಲಭವಾಗಿ ಸಿಗುತ್ತದೆ. ನೀರು ನಿಲ್ಲದಂತೆ ಮಣ್ಣು ಏರಿಸಿದರೆ ಸಾಕು. ನಡುವೆ ಈ ಬೆಟ್ಟದ ಹೆಸರನ್ನೇ ಹೊತ್ತ ಕಾಡು ಸ್ಟ್ರಾಬೆರಿ, ಫ್ರಗೇರಿಯಾ ನಿಲ್ಗೆರೆನ್ಸಿಸ್. ಮೂರು ದಳದ ಒರಟು ಎಲೆ, ಓಡುವ ಬಳ್ಳಿ, ಬೆರಳ ತುದಿಯಷ್ಟು ಮಸುಕು ಬಣ್ಣದ ಹಣ್ಣು. ಕೆಳಗಿನ ತೇವದಲ್ಲಿ ಅಮ್ಮನ ಆಯ್ಕೆ ಒಂದೆಲಗ. ಹಿಮಕ್ಕೆ ಮೇಲಿನ ಎಲೆ ಸುಡುತ್ತದೆ, ಬೇರು ಉಳಿದು ಮಾರ್ಚಿನಲ್ಲಿ ಮತ್ತೆ ಚಿಗುರುತ್ತದೆ. ನಿತ್ಯ ಹಸಿರಿನ ಲೆಕ್ಕದಲ್ಲಿ ಅದು ಫೇಲು. ತಂಬುಳಿಯ ಲೆಕ್ಕದಲ್ಲಿ ಪಾಸು.

ಇಷ್ಟೆಲ್ಲ ಮಾಡುವಾಗ ಎದುರಿನ ಗುಡ್ಡದಲ್ಲೇ ಉತ್ತರ ಇದ್ದದ್ದು ಕಂಡಿತು. ಮಡಿಕೆಯ ಆಳದಲ್ಲಿ, ಗಾಳಿ ಮರೆಯಲ್ಲಿ ಶೋಲಾ ಕಾಡು. ತೆರೆದ ಇಳಿಜಾರಿನಲ್ಲಿ ಬರೀ ಹುಲ್ಲು. ಅಲ್ಲಿ ಮರ ಯಾಕೆ ಬರಲಿಲ್ಲ ಎಂಬುದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಹಿಮವೂ ಒಂದು. ತೆರೆದ ಜಾಗದಲ್ಲಿ ಶೋಲಾ ಮರದ ಎಳೆ ಸಸಿ ಚಳಿಗಾಲ ದಾಟುವುದು ಕಷ್ಟ. ದೊಡ್ಡ ಮರದ ಅಡಿಯಲ್ಲಿದ್ದರೆ ದಾಟುತ್ತದೆ. ಹುಲ್ಲಿನ ನಡುವೆ ಒಂಟಿಯಾಗಿ ನಿಲ್ಲುವ ಧೈರ್ಯ ಕೆಂಪು ಹೂವಿನ ರೋಡೋಡೆಂಡ್ರನ್‌ನಂಥ ಕೆಲವಕ್ಕೆ ಮಾತ್ರ.

ಈ ವರ್ಷದ ಜನವರಿ ನಮ್ಮ ಪರೀಕ್ಷೆ. ಸೆಪ್ಟೆಂಬರಿನಿಂದಲೇ ಗೊಬ್ಬರ ನಿಲ್ಲಿಸಿದ್ದೆವು, ಚಳಿಯ ಹೊತ್ತಿಗೆ ಎಳೆ ಚಿಗುರು ಇರಬಾರದೆಂದು. ಮೊದಲ ಚಳಿಗಾಲದ ಗಿಡಗಳಿಗೆ ಸಂಜೆ ಗೋಣಿ ಹೊದೆಸಿ, ಬಿಸಿಲೇರಿ ಹಿಮ ಕರಗಿದ ಮೇಲೆ ತೆಗೆಯುತ್ತಿದ್ದೆವು. ಕಾಡುಗುಲಾಬಿ ನಾಲ್ಕರಲ್ಲಿ ನಾಲ್ಕೂ ಉಳಿದವು. ಆಮೇಲೆ ಒಂದು ರಾತ್ರಿ ಕಾಟಿ ಬಂದು ಕಲ್ಲುಕಂಬ ಸಮೇತ ಬೇಲಿ ಬೀಳಿಸಿ ಒಂದನ್ನು ತುಳಿಯಿತು. ಹಿಮಕ್ಕೆ ಲೆಕ್ಕ ಹಾಕಿದ್ದೆವು, ಕಾಡುಕೋಣಕ್ಕೆ ಹಾಕಿರಲಿಲ್ಲ. ಉಳಿದ ಮೂರು ಈಗ ಎದೆಯೆತ್ತರ. ಸ್ಟಾರ್ ಜಾಸ್ಮಿನ್ ಮೊಣಕಾಲಿನಷ್ಟಕ್ಕೇ ನಿಂತು ಯೋಚನೆ ಮಾಡುತ್ತಿದೆ. ಬಸ್ಸಿನವರು ಅಡುಗೆಮನೆಯನ್ನು ಈಗಲೂ ನೋಡುತ್ತಾರೆ. ಅಮ್ಮ ಈಗೀಗ ಕೈ ಬೀಸುತ್ತಾರೆ, ಎರಡು ಬಸ್ಸಿನ ಕಂಡಕ್ಟರುಗಳು ತಿರುಗಿ ಬೀಸುತ್ತಾರೆ.

ಹೇಳದೆ ಉಳಿದದ್ದು ಮಲ್ಲಿಗೆಯ ಮಾತು. ಅಜ್ಜಿ ಹೇಳಿದಂತೆ ಮುಟ್ಟದೆ ಬಿಟ್ಟ ನಾಲ್ಕು ಕಪ್ಪು ಗಿಡಗಳಲ್ಲಿ ಮೂರು ಸತ್ತೇಹೋದವು. ನಾಲ್ಕನೆಯದು ಹೋದ ವರ್ಷ ಏಪ್ರಿಲಿನಲ್ಲಿ ಬುಡದಿಂದ ಒಂದು ಚಿಗುರು ಬಿಟ್ಟಿತು. ಬೇಲಿಯ ಆಸೆ ಬಿಟ್ಟು ಅದನ್ನು ಕುಂಡಕ್ಕೆ ಹಾಕಿದೆವು. ದಕ್ಷಿಣದ ಗೋಡೆಯ ಬುಡದಲ್ಲಿ ಇಟ್ಟೆವು. ಹಗಲಿಡೀ ಬಿಸಿಲು ಕುಡಿದ ಗೋಡೆ ರಾತ್ರಿ ಬೆಚ್ಚಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸಂಜೆ ಐದಕ್ಕೆ ಕುಂಡವನ್ನು ಒಳಗೆ ತರುವುದು, ಬೆಳಿಗ್ಗೆ ಒಂಬತ್ತಕ್ಕೆ ಹೊರಗಿಡುವುದು. ಸೊಂಟ ನೋವಿನ ಅಮ್ಮ ಎತ್ತುವಂತಿಲ್ಲ, ನಾವು ಎತ್ತುತ್ತೇವೆ, ಅವರು ಪಕ್ಕದಲ್ಲಿ ನಡೆದು ಬಾಗಿಲು ತೆಗೆಯುತ್ತಾರೆ. ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಹೆತ್ತೆ ಹಬ್ಬದ ದಿನ ಅಜ್ಜಿಯ ಮನೆಗೆ ಊಟಕ್ಕೆ ಹೋದವರು ಐದು ಗಂಟೆಗೆ ಸರಿಯಾಗಿ ಎದ್ದು ಬಂದೆವು. ಅಜ್ಜಿ ನಕ್ಕರು, ಕಾರಣ ಕೇಳಲಿಲ್ಲ.

ಈ ಮೇ ತಿಂಗಳಲ್ಲಿ ಆ ಗಿಡ ಹನ್ನೊಂದು ಮೊಗ್ಗು ಬಿಟ್ಟಿತು. ಒಂದು ಚೆಂಡಿಗೆ ನೂರಾರು ಮೊಗ್ಗು ಬೇಕು. ಅಮ್ಮ ಅದನ್ನು ನಸುಕಿನಲ್ಲೇ ಕೊಯ್ದು, ಹೊಲಿಗೆ ದಾರದಲ್ಲಿ ಕಟ್ಟಿ, ಅರ್ಧ ದೇವರಿಗಿಟ್ಟು ಅರ್ಧ ಪಕ್ಕದ ಅಜ್ಜಿಯ ತಲೆಗೆ ಮುಡಿಸಿ ಬಂದರು. ವಾಪಸು ಬಂದು ದಾರದಲ್ಲಿ ಕಟ್ಟಿದರೆ ಮೊಗ್ಗು ಬೇಗ ಬಾಡುತ್ತದೆ ಎಂದು ಗೊಣಗಿದರು. ಇಷ್ಟು ಎತ್ತರದಲ್ಲಿ ನಮ್ಮ ಕಡೆಯ ಬಾಳೆ ಬರುವುದಿಲ್ಲ, ನಾರು ಸಿಗುವುದಿಲ್ಲ. ನಮ್ಮ ಬ್ಯಾಚಿನವರು ಯಾರಾದರೂ ಇತ್ತ ಬರುವುದಿದ್ದರೆ ಬೇರೇನೂ ತರಬೇಡಿ, ಒಂದು ಕಟ್ಟು ಬಾಳೆನಾರು ತನ್ನಿ. ಬರುವುದು ಡಿಸೆಂಬರಿನಲ್ಲಾದರೆ ಸಂಜೆ ಐದರೊಳಗೆ ಬನ್ನಿ, ಕುಂಡ ಎತ್ತಲು ಕೈ ಜೋಡಿಸಬಹುದು.